ಪಕ್ಕದ ಕಂಪನಿಯ ಸಿಗ್ನಲ್ ಬಲವಾಗಿದ್ದರೂ ನಿಮ್ಮ ಫೋನ್ ಅದನ್ನೇಕೆ ಹಿಡಿಯುವುದಿಲ್ಲ: ನೆಟ್‌ವರ್ಕ್ ಆಯ್ಕೆಯ ಹಂತಗಳು

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ಪಕ್ಕದವರ ಫೋನಿನಲ್ಲಿ ಸಿಗ್ನಲ್ ತುಂಬಿ ತುಳುಕುತ್ತಿರುವಾಗ ನನ್ನ ಫೋನ್ ಒಂದೇ ಕಡ್ಡಿಗೆ ಏಕೆ ಅಂಟಿಕೊಂಡಿರುತ್ತದೆ? ಪರದೇಶದಲ್ಲಿ ಇಳಿದ ಮೇಲೆ ಫೋನ್ ತಾನಾಗಿ ಹಿಡಿದ ನೆಟ್‌ವರ್ಕ್ ಅತ್ಯಂತ ದುರ್ಬಲವಾಗಿತ್ತು, ಅದನ್ನು ಬದಲಿಸುವುದು ಹೇಗೆ? ಪ್ರವಾಸ ಮುಗಿದ ಮೇಲೆ ಫೋನ್ "ತುರ್ತು ಕರೆಗಳು ಮಾತ್ರ" ಎಂದು ತೋರಿಸುತ್ತಿದೆ, ಸಿಮ್ ಕೆಟ್ಟಿತೇ? ಈ ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ಫೋನ್ ಅತ್ಯಂತ ಬಲವಾದ ಸಿಗ್ನಲ್ ಅನ್ನು ಹುಡುಕಿಕೊಂಡು ಹೋಗುವ ಯಂತ್ರವಲ್ಲ. ಯಾವ ನೆಟ್‌ವರ್ಕಿಗೆ ಹೋಗಲು ತನಗೆ ಅನುಮತಿ ಇದೆ, ಅವುಗಳಲ್ಲಿ ಯಾವುದಕ್ಕೆ ಮೊದಲ ಮನ್ನಣೆ ಎಂಬುದನ್ನು ಅದು ಮೊದಲು ನೋಡುತ್ತದೆ. ಸಿಗ್ನಲ್ಲಿನ ಬಲಾಬಲದ ಲೆಕ್ಕ ಬರುವುದು ಅದಾದ ಮೇಲೆ.

ಕೆಳಗಿನ ಹಂತಗಳನ್ನು ಅನುಸರಿಸಲು ನಿಮಗೆ ಬೇಕಾಗುವುದು ಚಾಲ್ತಿಯಲ್ಲಿರುವ ಸಿಮ್ ಇರುವ ಫೋನ್, ಸುಮಾರು ಅರ್ಧ ಗಂಟೆಯ ಬಿಡುವು, ಬರೆದುಕೊಳ್ಳಲು ಒಂದು ಹಾಳೆ ಮತ್ತು ಸಾಧ್ಯವಾದರೆ ವೈಫೈ ಸಂಪರ್ಕ. ಕೆಲವು ಹಂತಗಳಲ್ಲಿ ಮೊಬೈಲ್ ಡೇಟಾ ಮತ್ತು ಕರೆಗಳು ಕೆಲವು ನಿಮಿಷ ನಿಲ್ಲುತ್ತವೆ. ಆದ್ದರಿಂದ ಬ್ಯಾಂಕಿನ ಒಟಿಪಿಗೋ ಮುಖ್ಯವಾದ ಕರೆಗೋ ಕಾಯುತ್ತಿರುವಾಗ ಈ ಪ್ರಯೋಗಕ್ಕೆ ಕೈಹಾಕಬೇಡಿ.

ಹಂತ 1: ಎರಡು ಆಯ್ಕೆಗಳನ್ನು ಬೇರೆ ಬೇರೆಯಾಗಿ ನೋಡಿ

ಗೊಂದಲ ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ. ಫೋನ್ ಎರಡು ಬೇರೆ ಬೇರೆ ಆಯ್ಕೆಗಳನ್ನು ಮಾಡುತ್ತದೆ. ಮೊದಲನೆಯದು ಯಾವ ಕಂಪನಿಯ ನೆಟ್‌ವರ್ಕ್ ಎಂಬುದು. ತಾಂತ್ರಿಕ ಭಾಷೆಯಲ್ಲಿ ಒಂದು ಕಂಪನಿಯ ಇಡೀ ಜಾಲವನ್ನು ಪಿಎಲ್‌ಎಂಎನ್ ಎನ್ನುತ್ತಾರೆ. ಎರಡನೆಯದು, ಆ ಜಾಲದೊಳಗೆ ಯಾವ ಸೆಲ್ ಎಂಬುದು. ಸೆಲ್ ಎಂದರೆ ಒಂದು ಟವರಿನ ಒಂದು ಆಂಟೆನಾ ಒಂದು ದಿಕ್ಕಿಗೆ ಒಂದು ತರಂಗಾಂತರದಲ್ಲಿ ಸೇವೆ ಕೊಡುವ ಪ್ರದೇಶ. ಒಂದೇ ಟವರಿನಲ್ಲಿ ಹತ್ತಾರು ಸೆಲ್‌ಗಳಿರಬಹುದು.

ಕಂಪನಿಯ ಆಯ್ಕೆ ಅಪರೂಪಕ್ಕೆ ನಡೆಯುತ್ತದೆ: ಫೋನ್ ಆನ್ ಆದಾಗ, ಸಿಗ್ನಲ್ ಪೂರ್ತಿ ಕಳೆದುಹೋಗಿ ಮರಳಿದಾಗ, ಅಥವಾ ರೋಮಿಂಗ್‌ನಲ್ಲಿ ಇರುವಾಗ. ಸೆಲ್‌ನ ಆಯ್ಕೆಯಾದರೋ ನೀವು ನಡೆದಾಡುವಾಗ, ಬಸ್ಸಿನಲ್ಲಿ ಹೋಗುವಾಗ, ಕೆಲವೊಮ್ಮೆ ಕುಳಿತಲ್ಲೇ ಕುಳಿತಿರುವಾಗಲೂ ಸದಾ ನಡೆಯುತ್ತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಕೈಗೆ ಸಿಗುವುದು ಮೊದಲನೆಯ ಆಯ್ಕೆ ಮಾತ್ರ. ಎರಡನೆಯದನ್ನು ನೇರವಾಗಿ ಬದಲಿಸುವ ಗುಂಡಿ ಸಾಮಾನ್ಯ ಫೋನುಗಳಲ್ಲಿ ಇಲ್ಲ, "ಹತ್ತಿರದ ಟವರಿಗೆ ಜೋಡಿಸುತ್ತೇವೆ" ಎಂದು ಹೇಳಿಕೊಳ್ಳುವ ಆ್ಯಪ್‌ಗಳಿಂದಲೂ ಅದು ಆಗದ ಮಾತು.

ಹಂತ 2: ನಿಮ್ಮ ಸಿಮ್‌ನಲ್ಲಿ ಏನು ಬರೆದಿದೆ ಎಂಬುದನ್ನು ತಿಳಿಯಿರಿ

ಪ್ರತಿಯೊಂದು ನೆಟ್‌ವರ್ಕಿಗೂ 5 ಅಥವಾ 6 ಅಂಕಿಗಳ ಸಂಖ್ಯೆ ಇರುತ್ತದೆ. ಮೊದಲ 3 ಅಂಕಿಗಳು ದೇಶವನ್ನು ಸೂಚಿಸುತ್ತವೆ, ನಂತರದ 2 ಅಥವಾ 3 ಅಂಕಿಗಳು ಕಂಪನಿಯನ್ನು. ದೇಶದ ಸಂಖ್ಯೆ 2ರಿಂದ ಆರಂಭವಾದರೆ ಯುರೋಪು, 3 ಆದರೆ ಉತ್ತರ ಅಮೆರಿಕ, 4 ಆದರೆ ಏಷ್ಯಾ, 6 ಆದರೆ ಆಫ್ರಿಕ ಎಂದು ಸ್ಥೂಲವಾಗಿ ಹೇಳಬಹುದು. ಯಾವ ದೇಶಕ್ಕೂ ಸೇರದ 901 ಎಂಬ ಸಂಖ್ಯೆಯೂ ಇದೆ. ಹಡಗು, ವಿಮಾನ ಮತ್ತು ಉಪಗ್ರಹದ ಜಾಲಗಳು ಅದನ್ನು ಬಳಸುತ್ತವೆ. ಇದು ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಸಿಮ್‌ನೊಳಗೆ ನಿಮ್ಮ ಫೋನ್ ನಂಬರಿಗಿಂತ ಬೇರೆಯಾದ, ಗರಿಷ್ಠ 15 ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದಕ್ಕೆ ಐಎಂಎಸ್‌ಐ ಎಂದು ಹೆಸರು. ಪ್ರಯೋಗಾಲಯಗಳಲ್ಲಿ ಪರೀಕ್ಷೆಗೆಂದೇ ಮೀಸಲಾದ ಜಾಲದ ಒಂದು ಸಂಖ್ಯೆಯನ್ನು ನೋಡಿ: 001010123456789. ಇದನ್ನು 001, 01, 0123456789 ಎಂದು ಮೂರು ತುಂಡು ಮಾಡಿದರೆ ದೇಶ, ಕಂಪನಿ, ಗ್ರಾಹಕ ಎಂದು ಓದಬಹುದು. ಫೋನ್ ಆನ್ ಆದ ಕೂಡಲೇ ಸಿಮ್‌ನಿಂದ ಈ ಸಂಖ್ಯೆಯನ್ನು ಓದಿ, ಆರಂಭದ ಅಂಕಿಗಳಿಂದ ತನ್ನ ತವರು ನೆಟ್‌ವರ್ಕ್ ಯಾವುದೆಂದು ತಿಳಿದುಕೊಳ್ಳುತ್ತದೆ. ಪ್ರತಿ ಟವರೂ ತನ್ನ ಜಾಲದ ಸಂಖ್ಯೆಯನ್ನು ಎಡೆಬಿಡದೆ ಸಾರುತ್ತಿರುತ್ತದೆ. ಎರಡೂ ಹೊಂದಿಕೆಯಾದರೆ ತವರು ಸಿಕ್ಕಿತು ಎಂದರ್ಥ.

ಸಿಮ್‌ನಲ್ಲಿ ಇನ್ನೂ ಕೆಲವು ಪಟ್ಟಿಗಳಿವೆ. ಬಳಕೆದಾರನ ಆದ್ಯತೆಯ ಪಟ್ಟಿ ಒಂದು. ಹಳೆಯ ಫೋನುಗಳಲ್ಲಿ ಇದನ್ನು ತಿದ್ದಲು ಮೆನು ಇರುತ್ತಿತ್ತು, ಈಗಿನ ಹೆಚ್ಚಿನ ಫೋನುಗಳಲ್ಲಿ ಕಾಣುವುದಿಲ್ಲ. ಕಂಪನಿಯ ಆದ್ಯತೆಯ ಪಟ್ಟಿ ಇನ್ನೊಂದು. ತನ್ನ ಗ್ರಾಹಕ ಪರದೇಶಕ್ಕೆ ಹೋದಾಗ ಯಾವ ಕಂಪನಿಯ ಜಾಲದಲ್ಲಿ ಇರಬೇಕು ಎಂಬುದನ್ನು ನಿಮ್ಮ ಸೇವಾ ಕಂಪನಿ ಇಲ್ಲಿ ಬರೆದಿರುತ್ತದೆ ಮತ್ತು ನಿಮಗೆ ತಿಳಿಯದಂತೆ ಗಾಳಿಯ ಮೂಲಕವೇ ಬದಲಿಸಬಲ್ಲದು. ಇವೆರಡಕ್ಕಿಂತ ಹೆಚ್ಚು ತೊಂದರೆ ಕೊಡುವುದು ಮೂರನೆಯದಾದ ನಿಷೇಧಿತ ನೆಟ್‌ವರ್ಕುಗಳ ಪಟ್ಟಿ. ಅದರ ವಿಷಯ 6ನೇ ಹಂತದಲ್ಲಿದೆ.

ಒಂದು ಎಚ್ಚರಿಕೆ: ಪರದೆಯ ಮೇಲೆ ಕಾಣುವ ಹೆಸರನ್ನು ಪೂರ್ತಿ ನಂಬಬೇಡಿ. ಸ್ವಂತ ಟವರುಗಳಿಲ್ಲದೆ ಬೇರೆಯವರ ಜಾಲವನ್ನು ಬಾಡಿಗೆಗೆ ಪಡೆದು ಸೇವೆ ಕೊಡುವ ಕಂಪನಿಗಳು ಸಿಮ್‌ನಲ್ಲಿ ತಮ್ಮದೇ ಹೆಸರು ಬರೆದಿರುತ್ತವೆ. ಒಂದೇ ಟವರನ್ನು ಹಲವು ಕಂಪನಿಗಳು ಹಂಚಿಕೊಳ್ಳುವುದೂ ಉಂಟು. 4ಜಿಯಲ್ಲಿ ಒಂದು ಸೆಲ್ 6 ಜಾಲಗಳ ಸಂಖ್ಯೆಗಳನ್ನು ಒಟ್ಟಿಗೆ ಸಾರಬಲ್ಲದು. ಹೆಸರು ಬೇರೆಯಾದ ಮಾತ್ರಕ್ಕೆ ಟವರ್ ಬೇರೆ ಎಂದೇನೂ ಅಲ್ಲ.

ಹಂತ 3: ಸ್ವಯಂಚಾಲಿತ ಆಯ್ಕೆಯ ಕ್ರಮವನ್ನು ಅರ್ಥಮಾಡಿಕೊಳ್ಳಿ

ಮೊಬೈಲ್ ಜಾಲಗಳ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ಎಂಬ ಒಕ್ಕೂಟ 1998ರಲ್ಲಿ ಸ್ಥಾಪನೆಯಾಯಿತು. ಆಯ್ಕೆಯ ಕ್ರಮವನ್ನು ಅದರ ನಿಯಮಾವಳಿಯೇ ಹೇಳುತ್ತದೆ. ಎಲ್ಲ ಫೋನ್ ತಯಾರಕರೂ ಅದನ್ನೇ ಅನುಸರಿಸುತ್ತಾರೆ.

ಆನ್ ಆದ ಫೋನ್ ಸಾಮಾನ್ಯವಾಗಿ ಮೊದಲು ಪ್ರಯತ್ನಿಸುವುದು ತಾನು ಕೊನೆಯ ಸಲ ನೋಂದಾಯಿಸಿಕೊಂಡಿದ್ದ ನೆಟ್‌ವರ್ಕನ್ನು. ರಾತ್ರಿ ಆಫ್ ಮಾಡಿ ಬೆಳಗ್ಗೆ ಅದೇ ಜಾಗದಲ್ಲಿ ಆನ್ ಮಾಡಿದರೆ ಕೆಲವೇ ಸೆಕೆಂಡುಗಳಲ್ಲಿ ಸಿಗ್ನಲ್ ಬರುವುದಕ್ಕೆ ಇದೇ ಕಾರಣ: ಹಳೆಯ ಜಾಲ, ಹಳೆಯ ತರಂಗಾಂತರ ಎರಡೂ ಅದರ ನೆನಪಿನಲ್ಲಿರುತ್ತವೆ. ವಿಮಾನದಿಂದ ಬೇರೆ ದೇಶದಲ್ಲಿ ಇಳಿದಾಗ ಈ ನೆನಪು ಉಪಯೋಗಕ್ಕೆ ಬರುವುದಿಲ್ಲ, ತನಗೆ ಗೊತ್ತಿರುವ ತರಂಗಾಂತರಗಳನ್ನೆಲ್ಲ ಜಾಲಾಡಬೇಕಾಗುತ್ತದೆ. ಆಗ ಕೆಲವು ನಿಮಿಷ ಹಿಡಿದರೆ ಗಾಬರಿಯಾಗಬೇಡಿ.

ಕೊನೆಯ ನೆಟ್‌ವರ್ಕ್ ಸಿಗದಿದ್ದರೆ ಕ್ರಮ ಹೀಗಿದೆ. ಮೊದಲು ತವರು ನೆಟ್‌ವರ್ಕ್. ಅದಿಲ್ಲದಿದ್ದರೆ ಬಳಕೆದಾರನ ಆದ್ಯತೆಯ ಪಟ್ಟಿ, ಆ ಬಳಿಕ ಕಂಪನಿಯ ಆದ್ಯತೆಯ ಪಟ್ಟಿ. ಅವೂ ಫಲಿಸದಿದ್ದಾಗ ಸಾಕಷ್ಟು ಒಳ್ಳೆಯ ಸಿಗ್ನಲ್ ಇರುವ ಇತರ ನೆಟ್‌ವರ್ಕುಗಳಲ್ಲಿ ಯಾವುದಾದರೂ ಒಂದು. ಕಟ್ಟಕಡೆಗೆ, ದುರ್ಬಲವಾದವುಗಳಲ್ಲಿ ಬಲದ ಇಳಿಕೆಯ ಕ್ರಮದಲ್ಲಿ ಒಂದೊಂದಾಗಿ.

"ಯಾವುದಾದರೂ ಒಂದು" ಎಂದು ಬರೆದದ್ದು ಕೈತಪ್ಪಿನಿಂದಲ್ಲ. ನಿಯಮದಲ್ಲಿ ಇರುವುದೇ ಹಾಗೆ. 4ಜಿಯಲ್ಲಿ ಮೈನಸ್ 110 ಡಿಬಿಎಂ (ಇದು ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು; ವಿವರ 4ನೇ ಹಂತದಲ್ಲಿದೆ) ಅಥವಾ ಅದಕ್ಕಿಂತ ಉತ್ತಮವಾಗಿ ಕೇಳಿಸುವ ಸಿಗ್ನಲ್‌ಗಳೆಲ್ಲ ಒಳ್ಳೆಯವೇ, ಅವುಗಳ ನಡುವೆ ಆಯ್ಕೆ ಯಾದೃಚ್ಛಿಕ, ಅಂದರೆ ಚೀಟಿ ಎತ್ತಿದಂತೆ. ಪರದೇಶದ ಹೋಟೆಲ್ ಕೋಣೆಯಲ್ಲಿ ಒಂದು ಜಾಲ ಮೈನಸ್ 75ರಲ್ಲಿ, ಇನ್ನೊಂದು ಮೈನಸ್ 108ರಲ್ಲಿ ಕೇಳಿಸುತ್ತಿದೆ ಎಂದುಕೊಳ್ಳಿ. ಎರಡರ ಬಲದ ನಡುವೆ ಸುಮಾರು 2000 ಪಟ್ಟು ಅಂತರವಿದೆ. ಆದರೂ ಎರಡೂ ನಿಮ್ಮ ಪಟ್ಟಿಗಳಲ್ಲಿ ಇಲ್ಲದಿದ್ದರೆ ಫೋನಿನ ಕಣ್ಣಿಗೆ ಎರಡೂ ಸಮಾನ, ಚೀಟಿ ದುರ್ಬಲವಾದದ್ದಕ್ಕೇ ಬೀಳಬಹುದು. ಎರಡನೆಯದು ಕಂಪನಿಯ ಆದ್ಯತೆಯ ಪಟ್ಟಿಯಲ್ಲಿದ್ದರಂತೂ ಚೀಟಿಯ ಪ್ರಶ್ನೆಯೇ ಇಲ್ಲ, ಫೋನ್ ನೇರವಾಗಿ ಅಲ್ಲಿಗೇ ಹೋಗುತ್ತದೆ. ರೋಮಿಂಗ್ ಒಪ್ಪಂದದ ದರ ಎಲ್ಲಿ ಕಡಿಮೆಯೋ ಅಲ್ಲಿಗೆ ಗ್ರಾಹಕರನ್ನು ಕಳುಹಿಸುವುದರಲ್ಲಿ ನಿಮ್ಮ ಕಂಪನಿಗೆ ಲಾಭವಿದೆ. ಆ ಪಟ್ಟಿಯನ್ನು ನಿಮ್ಮ ಅನುಕೂಲಕ್ಕೆಂದೇ ಬರೆಯಲಾಗಿದೆ ಎಂದು ನಾನು ನಂಬುವುದಿಲ್ಲ.

ಇನ್ನು ನಿಮ್ಮದೇ ಊರಿನಲ್ಲಿ ಪಕ್ಕದ ಕಂಪನಿಯ ಸಿಗ್ನಲ್ ಎಷ್ಟೇ ಬಲವಾಗಿರಲಿ, ತವರು ನೆಟ್‌ವರ್ಕ್ ಕನಿಷ್ಠ ಮಟ್ಟದಲ್ಲಿ ಕೇಳಿಸುತ್ತಿರುವವರೆಗೆ ಫೋನ್ ಅತ್ತ ಹೋಗುವುದಿಲ್ಲ. ತವರು ಪೂರ್ತಿ ಮರೆಯಾದಾಗ ಹೋಗಲು ಪ್ರಯತ್ನಿಸಬಹುದು, ಆದರೆ ಆ ಎರಡು ಕಂಪನಿಗಳ ನಡುವೆ ಒಪ್ಪಂದ ಇಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ. ಇದಕ್ಕೆ ಇರುವ ವಿನಾಯಿತಿ ತುರ್ತು ಕರೆ. ಎಲ್ಲಿಯೂ ನೋಂದಣಿ ಆಗದಿದ್ದಾಗ ಫೋನ್ ಸಿಕ್ಕಿದ ಯಾವ ಕಂಪನಿಯ ಸೆಲ್‌ನಲ್ಲಾದರೂ ತಂಗಿ, ತುರ್ತು ಕರೆಗೆ ಮಾತ್ರ ಅವಕಾಶ ಮಾಡಿಕೊಡುತ್ತದೆ. ಪರದೆಯ ಮೇಲಿನ "ತುರ್ತು ಕರೆಗಳು ಮಾತ್ರ" ಎಂಬ ಸಾಲಿನ ಅರ್ಥ ಇದು: ಸುತ್ತ ಸಿಗ್ನಲ್ ಇದೆ, ಆದರೆ ನಿಮಗೆ ಒಳಗೆ ಪ್ರವೇಶ ದೊರೆತಿಲ್ಲ.

ಹಂತ 4: ಕಡ್ಡಿಗಳನ್ನು ಎಣಿಸಬೇಡಿ, ಡಿಬಿಎಂ ಅಳೆಯಿರಿ

ಸಿಗ್ನಲ್ ಕಡ್ಡಿಗಳಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ, ಪ್ರತಿ ತಯಾರಕರೂ ತಮಗೆ ತೋಚಿದ ಸೂತ್ರವನ್ನು ಬಳಸುತ್ತಾರೆ. ಕಡ್ಡಿಗಳನ್ನು ಲೆಕ್ಕಹಾಕುವ ತನ್ನ ಸೂತ್ರವೇ ತಪ್ಪಾಗಿತ್ತೆಂದು 2010ರಲ್ಲಿ ಆಪಲ್ ಸಂಸ್ಥೆ ಬಹಿರಂಗವಾಗಿ ಒಪ್ಪಿಕೊಂಡು ಅದನ್ನು ತಿದ್ದಿತು. ಹಾಗಾಗಿ ಎರಡು ಬೇರೆ ಮಾದರಿಯ ಫೋನುಗಳ ಕಡ್ಡಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದರಿಂದ ಏನೂ ತಿಳಿಯುವುದಿಲ್ಲ.

ಸರಿಯಾದ ಅಳತೆ ಡಿಬಿಎಂ. ಇದು ಯಾವಾಗಲೂ ಋಣ ಸಂಖ್ಯೆಯಾಗಿ ಕಾಣುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲವಾಗಿದೆ ಎಂದರ್ಥ. 3 ಡಿಬಿ ಏರಿದರೆ ಬಲ ಎರಡರಷ್ಟು, 10 ಏರಿದರೆ ಹತ್ತರಷ್ಟು. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು, ಫೋನಿನ ಬಗೆಗಿನ ಮಾಹಿತಿಯಲ್ಲಿ ಸಿಮ್ ಸ್ಥಿತಿ ಎಂಬಲ್ಲಿ ಇದನ್ನು ಓದಬಹುದು. ಕೆಲವು ಮಾದರಿಗಳಲ್ಲಿ *#*#4636#*#* ಎಂದು ಡಯಲ್ ಮಾಡಿದರೆ ಹೆಚ್ಚಿನ ವಿವರದ ಪರದೆ ತೆರೆಯುತ್ತದೆ. ಐಫೋನಿನಲ್ಲಿ *3001#12345#* ಡಯಲ್ ಮಾಡಿ ಕರೆ ಗುಂಡಿ ಒತ್ತಬೇಕು. ಅಲ್ಲಿ ಆರ್‌ಎಸ್‌ಆರ್‌ಪಿ ಎಂಬ ಸಾಲನ್ನು ಹುಡುಕಿ. 4ಜಿ ಮತ್ತು 5ಜಿಯಲ್ಲಿ ಸಿಗ್ನಲ್ ಬಲದ ಹೆಸರು ಅದೇ.

ಸಂಖ್ಯೆ ಕಂಡ ಮೇಲೆ ಅವಸರಪಡಬೇಡಿ. ಫೋನನ್ನು ಮೇಜಿನ ಮೇಲಿಟ್ಟು ಅರ್ಧ ನಿಮಿಷ ಬಿಟ್ಟು ಬರೆದುಕೊಳ್ಳಿ. ಬಳಿಕ ಕಿಟಕಿಯ ಹತ್ತಿರ ಇಟ್ಟು ಅಷ್ಟೇ ಹೊತ್ತು ಕಾಯಿರಿ. ಒಳಗೆ ಮೈನಸ್ 112 ಇದ್ದದ್ದು ಕಿಟಕಿಯಲ್ಲಿ ಮೈನಸ್ 97 ಆದರೆ, ಆ ಒಂದು ಗೋಡೆ 15 ಡಿಬಿಯನ್ನು, ಅಂದರೆ ಸಿಗ್ನಲ್‌ನ ನೂರರಲ್ಲಿ 97 ಪಾಲನ್ನು ನುಂಗಿದೆ ಎಂದಾಯಿತು. ಇಂತಹ ಕಡೆ ನೆಟ್‌ವರ್ಕ್ ಬದಲಿಸುವುದಕ್ಕಿಂತ ಫೋನಿನ ಜಾಗ ಬದಲಿಸುವುದೇ ಪರಿಹಾರ. ಸಂಖ್ಯೆ ಚೆನ್ನಾಗಿದ್ದೂ ಇಂಟರ್ನೆಟ್ ನಿಧಾನವಾಗಿದ್ದರೆ ತೊಂದರೆ ಸಿಗ್ನಲ್ಲಿನದಲ್ಲ. ಆ ಸೆಲ್‌ನಲ್ಲಿ ಬಳಕೆದಾರರು ತುಂಬಿಕೊಂಡಿದ್ದಾರೆ ಅಥವಾ ಅಡಚಣೆ ಹೆಚ್ಚಿದೆ.

ಹಂತ 5: ಸೆಲ್ ಬದಲಾಗುವ ರೀತಿಯನ್ನು ಗಮನಿಸಿ

ಫೋನ್ ಸುಮ್ಮನೆ ಜೇಬಿನಲ್ಲಿರುವಾಗ, ಅಂದರೆ ಕರೆಯಾಗಲಿ ಡೇಟಾ ಆಗಲಿ ಹರಿಯದೆ ಇರುವಾಗ, ಸೆಲ್ ಬದಲಾವಣೆಯ ನಿರ್ಧಾರ ಫೋನಿನದು. ಆದರೆ ನಿಯಮಗಳು ಟವರ್ ಸಾರಿದವು. ಎರಡು ಸೆಲ್‌ಗಳು ಒಂದೇ ತರಂಗಾಂತರದಲ್ಲಿದ್ದರೆ, ಈಗಿರುವ ಸೆಲ್‌ಗೆ ಸ್ವಲ್ಪ ಹೆಚ್ಚಿನ ಅಂಕ ಕೊಟ್ಟು ಹೋಲಿಸಲಾಗುತ್ತದೆ. ಈಗಿನ ಸೆಲ್ ಮೈನಸ್ 98, ಪಕ್ಕದ್ದು ಮೈನಸ್ 96, ಹೆಚ್ಚುವರಿ ಅಂಕ 4 ಡಿಬಿ ಎಂದಿಟ್ಟುಕೊಳ್ಳಿ. ಮೈನಸ್ 98ಕ್ಕೆ 4 ಸೇರಿಸಿದರೆ ಮೈನಸ್ 94. ಪಕ್ಕದ ಮೈನಸ್ 96 ಅದಕ್ಕಿಂತ ಕೆಳಗಿದೆ, ಆದ್ದರಿಂದ ಫೋನ್ ಕದಲುವುದಿಲ್ಲ. ಪಕ್ಕದ್ದು ಮೈನಸ್ 93ಕ್ಕೆ ಏರಿ, ನಿಗದಿಯಾದಷ್ಟು ಹೊತ್ತು ಹಾಗೆಯೇ ಉಳಿದರೆ ಮಾತ್ರ ಬದಲಾವಣೆ. ಈ ಅಂಕ ಇಲ್ಲದಿದ್ದರೆ ಎರಡು ಟವರುಗಳ ನಡುವೆ ಕುಳಿತವರ ಫೋನ್ ಕ್ಷಣಕ್ಕೊಮ್ಮೆ ಅತ್ತಿಂದಿತ್ತ ಜಿಗಿಯುತ್ತ ಬ್ಯಾಟರಿಯನ್ನು ಬರಿದು ಮಾಡುತ್ತಿತ್ತು.

ಬೇರೆ ಬೇರೆ ತರಂಗಾಂತರಗಳ ನಡುವೆ ಲೆಕ್ಕ ಬೇರೆ. ಪ್ರತಿ ತರಂಗಾಂತರಕ್ಕೂ ಕಂಪನಿ 0ಯಿಂದ 7ರವರೆಗೆ ಒಂದು ಆದ್ಯತೆ ಕೊಡಬಹುದು, 7 ಅತ್ಯುನ್ನತ. ಹೆಚ್ಚಿನ ಆದ್ಯತೆಯ ತರಂಗಾಂತರ ಒಂದು ಮಿತಿಗಿಂತ ಮೇಲೆ ಕೇಳಿಸಿದರೆ ಸಾಕು, ಈಗಿನ ಸೆಲ್ ಎಷ್ಟೇ ಬಲವಾಗಿದ್ದರೂ ಫೋನ್ ಅತ್ತ ಹೊರಡುತ್ತದೆ. ತುಂಬು ಕಡ್ಡಿಗಳ 4ಜಿಯನ್ನು ಬಿಟ್ಟು ಎರಡು ಕಡ್ಡಿಯ 5ಜಿಗೆ ಫೋನ್ ಹೋಗುವುದು ದೋಷವೆಂದು ಹಲವರು ಬರೆಯುತ್ತಾರೆ. ಅದು ದೋಷವಲ್ಲ, ಕಂಪನಿ ಕೊಟ್ಟ ಆದೇಶದ ಪಾಲನೆ. ಅಗಲವಾದ ಚಾನೆಲ್‌ನಲ್ಲಿ ಎರಡು ಕಡ್ಡಿ, ಕಿರಿದಾದ ಚಾನೆಲ್‌ನ ಐದು ಕಡ್ಡಿಗಿಂತ ವೇಗವಾಗಿ ಇರುವುದೂ ಸಾಧ್ಯ.

ಕರೆ ನಡೆಯುತ್ತಿರುವಾಗ ಅಥವಾ ಡೇಟಾ ಹರಿಯುತ್ತಿರುವಾಗ ಈ ಸ್ವಾತಂತ್ರ್ಯವೂ ಇರುವುದಿಲ್ಲ. ಆಗ ಫೋನ್ ಸುತ್ತಲಿನ ಸೆಲ್‌ಗಳನ್ನು ಅಳೆದು ವರದಿ ಒಪ್ಪಿಸುತ್ತದೆ, ಯಾವ ಸೆಲ್‌ಗೆ ಯಾವಾಗ ದಾಟಬೇಕು ಎಂಬುದನ್ನು ನೆಟ್‌ವರ್ಕ್ ಹೇಳುತ್ತದೆ. ಕರೆ ಒಂದೇ ತಿರುವಿನಲ್ಲಿ ದಿನವೂ ಕಡಿಯುತ್ತಿದ್ದರೆ ಫೋನನ್ನು ಬೈದು ಪ್ರಯೋಜನವಿಲ್ಲ.

ಹಂತ 6: ಕೈಯಾರೆ ನೆಟ್‌ವರ್ಕ್ ಆರಿಸಿ, ನಿಷೇಧಿತ ಪಟ್ಟಿಯನ್ನು ಬಿಡಿಸಿ

ಈಗ ನಿಜವಾದ ಕೆಲಸಕ್ಕೆ ಬರೋಣ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಮತ್ತು ಇಂಟರ್ನೆಟ್, ಸಿಮ್ ಎಂಬ ಹಾದಿಯಲ್ಲಿ ಹೋಗಿ, ನೆಟ್‌ವರ್ಕನ್ನು ಸ್ವಯಂಚಾಲಿತವಾಗಿ ಆಯ್ಕೆಮಾಡುವ ಗುಂಡಿಯನ್ನು ಆಫ್ ಮಾಡಿ. ಸ್ಯಾಮ್ಸಂಗ್ ಫೋನುಗಳಲ್ಲಿ ಇದು ಕನೆಕ್ಷನ್ಸ್, ಮೊಬೈಲ್ ನೆಟ್‌ವರ್ಕ್ಸ್, ನೆಟ್‌ವರ್ಕ್ ಆಪರೇಟರ್ಸ್ ಎಂಬಲ್ಲಿದೆ. ಐಫೋನಿನಲ್ಲಿ ಸೆಟ್ಟಿಂಗ್ಸ್, ಮೊಬೈಲ್ ಡೇಟಾ, ನೆಟ್‌ವರ್ಕ್ ಸೆಲೆಕ್ಷನ್. ಫೋನಿನ ಮಾದರಿ ಮತ್ತು ಆವೃತ್ತಿಗೆ ತಕ್ಕಂತೆ ಹೆಸರುಗಳು ಸ್ವಲ್ಪ ಬೇರೆಯಾಗಿರಬಹುದು, ಕೆಲವು ಕಂಪನಿಗಳ ಸಿಮ್ ಹಾಕಿದಾಗ ಈ ಮೆನು ಕಾಣದೆಯೂ ಹೋಗಬಹುದು. ಎರಡು ಸಿಮ್ ಇದ್ದರೆ ಸರಿಯಾದ ಸಿಮ್‌ನ ಪುಟದಲ್ಲಿದ್ದೀರಿ ಎಂಬುದನ್ನು ಖಚಿತಪಡಿಸಿಕೊಳ್ಳಿ. ಡೇಟಾಗೆ ಯಾವ ಸಿಮ್ ಎಂಬ ಆಯ್ಕೆಗೂ ಇದಕ್ಕೂ ಸಂಬಂಧವಿಲ್ಲ.

ಹುಡುಕಾಟಕ್ಕೆ ಒಂದರಿಂದ ಕೆಲವು ನಿಮಿಷ ಹಿಡಿಯುತ್ತದೆ, ಆ ಹೊತ್ತಿನಲ್ಲಿ ಡೇಟಾ ನಿಂತಿರುತ್ತದೆ. ಪಟ್ಟಿ ಬಂದಾಗ ನಿಮಗೆ ಪ್ರವೇಶವಿಲ್ಲದ ನೆಟ್‌ವರ್ಕುಗಳೂ ಅದರಲ್ಲಿ ಕಾಣುತ್ತವೆ. ಕೇಳಿಸುವುದನ್ನೆಲ್ಲ ತೋರಿಸುವುದು ಈ ಪಟ್ಟಿಯ ಕೆಲಸ, ಒಳಗೆ ಬಿಡುವುದೋ ಬೇಡವೋ ಎಂಬುದು ಆಯಾ ನೆಟ್‌ವರ್ಕಿಗೆ ಬಿಟ್ಟದ್ದು. ಒಂದನ್ನು ಒತ್ತಿದಾಗ ನೋಂದಣಿ ವಿಫಲವಾದರೆ ಅದು ಒಪ್ಪಂದ ಇಲ್ಲದ ಜಾಲ ಎಂದು ತಿಳಿದು ಮುಂದಿನದಕ್ಕೆ ಹೋಗಿ. ಸಿಕ್ಕಸಿಕ್ಕದ್ದನ್ನೆಲ್ಲ ಒತ್ತುತ್ತಾ ಕೂರುವುದು ಮಾತ್ರ ಬೇಡ. ನೋಂದಣಿ ಸತತವಾಗಿ 5 ಸಲ ವಿಫಲವಾದರೆ 4ಜಿ ನಿಯಮಗಳ ಪ್ರಕಾರ ಫೋನ್ ಒಂದು ದೀರ್ಘ ಕಾಯುವಿಕೆಗೆ ಹೋಗುತ್ತದೆ, ಅದರ ಸಾಮಾನ್ಯ ಅವಧಿ 12 ನಿಮಿಷ. ಏನು ಮಾಡಿದರೂ ಫೋನ್ ಮಿಸುಕದೆ ಕುಳಿತಿದೆ ಎನ್ನಿಸುವುದು ಆಗಲೇ.

ನಿಷೇಧಿತ ಪಟ್ಟಿಯ ಕಥೆ ಇಲ್ಲಿಂದ ಆರಂಭ. ಒಂದು ಜಾಲ "ಇಲ್ಲಿ ನಿನಗೆ ಪ್ರವೇಶವಿಲ್ಲ" ಎಂದು ಖಚಿತವಾಗಿ ನಿರಾಕರಿಸಿದರೆ ಅದರ ಸಂಖ್ಯೆಯನ್ನು ಫೋನ್ ಸಿಮ್‌ನೊಳಗೆ ಬರೆದಿಡುತ್ತದೆ. ಮುಂದೆ ಸ್ವಯಂಚಾಲಿತ ಆಯ್ಕೆಯಲ್ಲಿ ಆ ಜಾಲವನ್ನು ಮುಟ್ಟುವುದೇ ಇಲ್ಲ. ಫೋನ್ ಆಫ್ ಮಾಡಿದರೂ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೂ ಈ ಬರಹ ಅಳಿಯುವುದಿಲ್ಲ. ಒಪ್ಪಂದ ಹೊಸದಾಗಿ ಆದ ಮೇಲೂ, ರೋಮಿಂಗ್ ಪ್ಯಾಕ್ ಹಾಕಿಸಿಕೊಂಡ ಮೇಲೂ ಫೋನ್ ಹಳೆಯ ನಿರಾಕರಣೆಯನ್ನೇ ನೆನಪಿಟ್ಟುಕೊಂಡು ದೂರ ನಿಲ್ಲುತ್ತದೆ.

ಪರಿಹಾರ ಸರಳ: ಕೈಯಾರೆ ಆಯ್ಕೆಯಲ್ಲಿ ಅದೇ ನೆಟ್‌ವರ್ಕನ್ನು ಒತ್ತಿ. ಕೈಯಾರೆ ಆರಿಸಿದಾಗ ಫೋನ್ ನಿಷೇಧಿತ ಪಟ್ಟಿಯನ್ನು ಲೆಕ್ಕಿಸದೆ ಪ್ರಯತ್ನಿಸುತ್ತದೆ, ನೋಂದಣಿ ಯಶಸ್ವಿಯಾದರೆ ಆ ಸಂಖ್ಯೆ ಪಟ್ಟಿಯಿಂದ ತಾನಾಗಿ ತೆಗೆದುಹಾಕಲ್ಪಡುತ್ತದೆ. ನನ್ನ ಸಂಬಂಧಿಕರೊಬ್ಬರು ಪರದೇಶಕ್ಕೆ ಹೊರಡುವ ಆತುರದಲ್ಲಿ ರೋಮಿಂಗ್ ಸೌಲಭ್ಯವನ್ನು ಅಲ್ಲಿ ಇಳಿದ ಮೇಲೆ ವೈಫೈ ಮೂಲಕ ಹಾಕಿಸಿಕೊಂಡಿದ್ದರು. ಎರಡು ದಿನ ಕಳೆದರೂ ಸಿಗ್ನಲ್ ಬಂದಿರಲಿಲ್ಲ. ಸೌಲಭ್ಯ ಚಾಲ್ತಿಯಾಗುವ ಮೊದಲೇ ಅಲ್ಲಿನ ಜಾಲಗಳೆಲ್ಲ ನಿಷೇಧಿತ ಪಟ್ಟಿಗೆ ಸೇರಿಬಿಟ್ಟಿದ್ದವು. ಕೈಯಾರೆ ಒಂದನ್ನು ಒತ್ತಿದ ಮೇಲೆ ಎಲ್ಲ ಸರಿಹೋಯಿತು. ರೋಮಿಂಗ್ ಸೌಲಭ್ಯವನ್ನು ಹೊರಡುವ ಮೊದಲೇ ಹಾಕಿಸಿಕೊಳ್ಳಿ ಎಂದು ಹೇಳುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಎಲ್ಲ ನಿರಾಕರಣೆಗಳೂ ಇಷ್ಟು ಗಟ್ಟಿಯಲ್ಲ. ಒಂದು ಪ್ರದೇಶಕ್ಕೆ ಮಾತ್ರ ಸಂಬಂಧಿಸಿದ ನಿರಾಕರಣೆಗಳು ಫೋನ್ ಆಫ್ ಮಾಡಿದಾಗ ಅಳಿಯುತ್ತವೆ. "ಒಮ್ಮೆ ಆಫ್ ಮಾಡಿ ಆನ್ ಮಾಡಿ" ಎಂಬ ಗ್ರಾಹಕ ಸೇವೆಯವರ ಸವಕಲು ಸಲಹೆ ಕೆಲವೊಮ್ಮೆ ನಿಜಕ್ಕೂ ಫಲಿಸುವುದು ಇದರಿಂದಲೇ. ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡುವುದನ್ನು ಮಾತ್ರ ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ. ಉಳಿಸಿದ ವೈಫೈ ಪಾಸ್‌ವರ್ಡ್‌ಗಳೆಲ್ಲ ಅದರಿಂದ ಹೋಗುತ್ತವೆ, ಸಿಮ್‌ನೊಳಗಿನ ಪಟ್ಟಿ ಅದರಿಂದ ಖಾಲಿಯಾಗುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ಈ ಹಂತದ ಅತಿ ದೊಡ್ಡ ತೊಡಕು ಕೆಲಸ ಮುಗಿದ ಮೇಲೆ ಬರುತ್ತದೆ. ಕೈಯಾರೆ ಆರಿಸಿದ ನೆಟ್‌ವರ್ಕ್ ಮರೆಯಾದರೆ ಫೋನ್ ತಾನಾಗಿ ಬೇರೆಯದಕ್ಕೆ ಹೋಗುವುದಿಲ್ಲ, ಸೇವೆಯಿಲ್ಲದೆ ಅದನ್ನೇ ಕಾಯುತ್ತ ಕೂರುತ್ತದೆ. ಪ್ರವಾಸದ ಅರ್ಧದಲ್ಲಿ ಬೇರೆ ದೇಶಕ್ಕೆ ಹೋದವರು, ಮರಳಿ ಮನೆಗೆ ಬಂದವರು ಸಿಮ್ ಕೆಟ್ಟಿತೆಂದು ಅಂಗಡಿಗೆ ಓಡುವುದು ಇದೇ ಕಾರಣಕ್ಕೆ. ಸ್ವಯಂಚಾಲಿತಕ್ಕೆ ಮರಳಿಸಲು ಫೋನಿನಲ್ಲಿ ಒಂದು ಜ್ಞಾಪನೆ ಇಟ್ಟುಕೊಳ್ಳಿ.

ಹಂತ 7: ಗಡಿಯಲ್ಲಿ, ಹಡಗಿನಲ್ಲಿ ಬೇರೆ ಕ್ರಮ ಅನುಸರಿಸಿ

ರೋಮಿಂಗ್‌ನಲ್ಲಿರುವ ಫೋನ್ ಈಗ ತಾನಿರುವ ಜಾಲಕ್ಕಿಂತ ಹೆಚ್ಚಿನ ಆದ್ಯತೆಯ ಜಾಲ ಸಿಗುತ್ತದೆಯೇ ಎಂದು ಆಗಾಗ ಹುಡುಕುತ್ತದೆ. ಎಷ್ಟು ಹೊತ್ತಿಗೊಮ್ಮೆ ಎಂಬುದು ಸಿಮ್‌ನಲ್ಲಿ ಬರೆದಿರುತ್ತದೆ. 6 ನಿಮಿಷದಿಂದ 8 ಗಂಟೆಯವರೆಗೆ ಇರಬಹುದು, ಏನೂ ಬರೆದಿಲ್ಲದಿದ್ದರೆ 60 ನಿಮಿಷ. ನೀವು ಕೈಯಾರೆ ಆರಿಸಿದಾಗ ಈ ಹುಡುಕಾಟ ನಿಲ್ಲುತ್ತದೆ.

ಆದರೆ ಈ ಹುಡುಕಾಟಕ್ಕೆ ಒಂದು ಬೇಲಿ ಇದೆ: ಫೋನ್ ಈಗ ಇರುವ ಜಾಲ ಯಾವ ದೇಶದ್ದೋ ಆ ದೇಶದ ಜಾಲಗಳಿಗೆ ಮಾತ್ರ ಅದು ಸೀಮಿತ. ದೇಶದ ಗಡಿಯ ಹತ್ತಿರ ಇರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ತವರು ಸಿಗ್ನಲ್ ಒಂದು ಕ್ಷಣ ಹೋಗಿ, ಆಚೆ ದೇಶದ ಟವರಿಗೆ ಫೋನ್ ಅಂಟಿಕೊಂಡಿತು ಎನ್ನಿ; ತವರು ಸಿಗ್ನಲ್ ಮರಳಿದ ಮೇಲೂ ಅದು ಆಚೆಯೇ ಉಳಿದುಬಿಡಬಹುದು. ಏರೋಪ್ಲೇನ್ ಮೋಡ್ ಹಾಕಿ ತೆಗೆದರೂ ಸರಿಹೋಗದೆ ಇರಬಹುದು, ಏಕೆಂದರೆ 3ನೇ ಹಂತದಲ್ಲಿ ಹೇಳಿದಂತೆ ಫೋನ್ ಮತ್ತೆ ಮೊದಲು ಹುಡುಕುವುದು ಕೊನೆಯ ಸಲದ ನೆಟ್‌ವರ್ಕನ್ನೇ. ಗಡಿಯಲ್ಲಿ ಇರುವಷ್ಟು ದಿನ ತವರು ನೆಟ್‌ವರ್ಕನ್ನು ಕೈಯಾರೆ ಆರಿಸಿ ಇಟ್ಟು, ಡೇಟಾ ರೋಮಿಂಗ್ ಆಫ್ ಮಾಡುವುದೇ ಸುರಕ್ಷಿತ.

ಹಡಗು ಮತ್ತು ವಿಮಾನಗಳಲ್ಲಿ 901ರ ಜಾಲಗಳು ಉಪಗ್ರಹದ ಮೂಲಕ ಕೆಲಸ ಮಾಡುತ್ತವೆ. ಸಾಮಾನ್ಯ ರೋಮಿಂಗ್ ಪ್ಯಾಕ್‌ಗಳಲ್ಲಿ ಅವು ಹೆಚ್ಚಾಗಿ ಸೇರಿರುವುದಿಲ್ಲ, ಬೇರೆ ಜಾಲ ಕೇಳಿಸದ ನಡುನೀರಿನಲ್ಲಿ ಸ್ವಯಂಚಾಲಿತ ಫೋನ್ ನೇರವಾಗಿ ಅಲ್ಲಿಗೇ ಹೋಗುತ್ತದೆ. ದಡ ಬಿಟ್ಟ ಕೂಡಲೇ ಏರೋಪ್ಲೇನ್ ಮೋಡ್ ಹಾಕಿಬಿಡಿ.

ಹಂತ 8: 4ಜಿ, 5ಜಿ ಆಯ್ಕೆಯನ್ನು ವಿವೇಚನೆಯಿಂದ ಬದಲಿಸಿ

ನೆಟ್‌ವರ್ಕ್ ಬಗೆ ಎಂಬ ಮೆನು ಕಂಪನಿಯನ್ನು ಬದಲಿಸುವುದಿಲ್ಲ, ಯಾವ ಪೀಳಿಗೆಯ ತಂತ್ರಜ್ಞಾನಗಳನ್ನು ಬಳಸಬಹುದು ಎಂದಷ್ಟೇ ಹೇಳುತ್ತದೆ. 5ಜಿ ಅಂಚಿನಲ್ಲಿರುವ ಮನೆಯಲ್ಲಿ ಫೋನ್ ಅತ್ತಿಂದಿತ್ತ ಓಲಾಡಿ ಬ್ಯಾಟರಿ ಇಳಿಯುತ್ತಿದ್ದರೆ 4ಜಿಗೆ ಇಳಿಸಿ ಒಂದೆರಡು ದಿನ ನೋಡುವುದು ಒಳ್ಳೆಯದೇ. ಇದರ ವಿರುದ್ಧ ದಿಕ್ಕು ಅಪಾಯಕಾರಿ: ಗುಪ್ತ ಮೆನುವಿನಲ್ಲಿ "5ಜಿ ಮಾತ್ರ" ಅಥವಾ "4ಜಿ ಮಾತ್ರ" ಎಂದು ಕಟ್ಟಿಹಾಕಿದರೆ, ಆ ಪೀಳಿಗೆ ಸಿಗದ ಜಾಗದಲ್ಲಿ ಸಾಮಾನ್ಯ ಕರೆಗಳು ನಿಲ್ಲುತ್ತವೆ.

4ಜಿ ಚೆನ್ನಾಗಿದ್ದರೂ ಫೋನ್ 2ಜಿ ಅಥವಾ 3ಜಿಗೆ ಇಳಿಯುತ್ತಿದ್ದರೆ ವೋಲ್ಟೆ ಗುಂಡಿಯನ್ನು ನೋಡಿ. ವೋಲ್ಟೆ ಎಂದರೆ 4ಜಿಯಲ್ಲೇ ಧ್ವನಿ ಕರೆ ಮಾಡುವ ವ್ಯವಸ್ಥೆ. ಅದು ಆಫ್ ಆಗಿದ್ದರೆ, ಅಥವಾ ನಿಮ್ಮ ಫೋನಿನ ಮಾದರಿಗೆ ಆ ಕಂಪನಿ ಅದನ್ನು ಕೊಡದಿದ್ದರೆ, ಕರೆಗಾಗಿ ಫೋನ್ ಹಳೆಯ ಪೀಳಿಗೆಗೆ ಇಳಿಯಬೇಕಾಗುತ್ತದೆ. ಹಳೆಯ ಪೀಳಿಗೆಗಳನ್ನು ಮುಚ್ಚಿರುವ ದೇಶದಲ್ಲಿ ಇಳಿಯಲು ನೆಲವೇ ಇರುವುದಿಲ್ಲ, ಡೇಟಾ ಓಡುತ್ತಿದ್ದರೂ ಕರೆ ಹೋಗುವುದಿಲ್ಲ.

5ಜಿ ಚಿಹ್ನೆಯ ಬಗ್ಗೆಯೂ ಒಂದು ಮಾತು. 4ಜಿ ಜಾಲಕ್ಕೆ ಜೋಡಿಸಿದ 5ಜಿಯಲ್ಲಿ, ಫೋನ್ ಸುಮ್ಮನಿರುವಾಗ ತಂಗಿರುವುದು 4ಜಿ ಸೆಲ್‌ನಲ್ಲೇ. ಇಲ್ಲಿ 5ಜಿ ದೊರೆಯಬಹುದು ಎಂದು ಆ ಸೆಲ್ ಸಾರಿದ್ದನ್ನು ಕಂಡು ಫೋನ್ ಚಿಹ್ನೆ ತೋರಿಸುತ್ತದೆ, ಡೇಟಾ ಹರಿಯಲು ಆರಂಭಿಸಿದಾಗಷ್ಟೇ ನಿಜ ತಿಳಿಯುತ್ತದೆ.

ಹಂತ 9: ದೂರು ಕೊಡುವ ಮೊದಲು ಇವನ್ನು ಬರೆದಿಟ್ಟುಕೊಳ್ಳಿ

"ಸಿಗ್ನಲ್ ಇಲ್ಲ" ಎಂಬ ಒಂದೇ ಸಾಲಿನ ದೂರಿಗೆ ಒಂದೇ ಸಾಲಿನ ಉತ್ತರ ಬರುತ್ತದೆ. ಅದರ ಬದಲು ಜಾಗ, ದಿನ, ಸಮಯ, ಪರದೆಯಲ್ಲಿ ಕಂಡ ನೆಟ್‌ವರ್ಕ್ ಹೆಸರು, 4ನೇ ಹಂತದಲ್ಲಿ ಅಳೆದ ಡಿಬಿಎಂ ಸಂಖ್ಯೆಗಳು ಒಳಗೂ ಹೊರಗೂ ಎಷ್ಟೆಷ್ಟು, ಕೈಯಾರೆ ಆರಿಸಿದಾಗ ಏನಾಯಿತು ಎಂಬುದನ್ನು ಬರೆದು ಕೊಡಿ. ಅದೇ ಜಾಗದಲ್ಲಿ ಅದೇ ಕಂಪನಿಯ ಇನ್ನೊಂದು ಸಿಮ್ ಹೇಗಿದೆ ಎಂಬುದನ್ನೂ ಸೇರಿಸಿ; ಬೇರೆ ಕಂಪನಿಯ ಸಿಮ್‌ನೊಂದಿಗೆ ಹೋಲಿಸಿದರೆ ಅವರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ನಿಮ್ಮ ಸಿಮ್ ಅನ್ನು ಮತ್ತೊಂದು ಫೋನಿಗೆ ಹಾಕಿ ನೋಡುವುದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಅಲ್ಲಿ ಕೆಲಸ ಮಾಡಿದರೆ ದೋಷ ನಿಮ್ಮ ಫೋನಿನ ಯಂತ್ರಾಂಶದಲ್ಲಿ ಅಥವಾ ಸೆಟ್ಟಿಂಗ್ಸ್‌ನಲ್ಲಿದೆ ಎನ್ನಬಹುದು. ಆದರೆ ಅಲ್ಲಿಯೂ ಕೆಲಸ ಮಾಡದಿದ್ದರೆ ಸಿಮ್ ಸತ್ತಿತೆಂದು ಆಗಲೇ ತೀರ್ಮಾನಿಸಬೇಡಿ. ನಿಷೇಧಿತ ಪಟ್ಟಿ ಸಿಮ್‌ನ ಜೊತೆಯಲ್ಲೇ ಪ್ರಯಾಣ ಮಾಡಿರುತ್ತದೆ. ಆ ಎರಡನೇ ಫೋನಿನಲ್ಲಿಯೂ ಒಮ್ಮೆ ತವರು ನೆಟ್‌ವರ್ಕನ್ನು ಕೈಯಾರೆ ಒತ್ತಿ ನೋಡಿ, ಅದೂ ನಿರಾಕರಿಸಿದ ಮೇಲೆ ಸಿಮ್ ಬದಲಿಸಲು ಹೋಗಿ.